ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದಾಗ

(ನಮ್ಮ ತಿಂಗಳ ಕೂಟದಲ್ಲಿ ಚಾಲಕರು, ಕ್ಲೀನರುಗಳು ಮತ್ತು ಗ್ಯಾರೇಜು ಕೆಲಸಗಾರರ ಮುಂದೆ ನಿವೃತ್ತ ಆಟೋ ಎಲೆಕ್ಟ್ರೀಷಿಯನ್ ಒಬ್ಬರು ಮಾಡಿದ ಭಾಷಣ)



ನನಗೆ ವೇದಿಕೆಯ ಅಭ್ಯಾಸವಿಲ್ಲ. ನಲವತ್ತು ವರ್ಷ ಗಾಡಿಯ ಅಡಿಯಲ್ಲಿ ಮಲಗಿಕೊಂಡೇ ಮಾತಾಡಿದವನು ನಾನು. ಆದುದರಿಂದ ಮಾತು ಅಲ್ಲಲ್ಲಿ ದಾರಿ ತಪ್ಪಿದರೆ ತಾವು ಸೈರಿಸಿಕೊಳ್ಳಬೇಕು.

ಕಳೆದ ತಿಂಗಳು ನಡೆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ತಾಳವಾಡಿಯಿಂದ ಒಬ್ಬ ಬಾಣಂತಿಯನ್ನೂ ಮಗುವನ್ನೂ ಸತ್ಯಮಂಗಲದ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದ ನಮ್ಮ ತಮ್ಮನೊಬ್ಬನ ಕಾರು ದಿಂಬಂ ಘಾಟಿಯ ಇಳಿಜಾರಿನಲ್ಲಿ ನಿಂತುಹೋಯಿತು. ಆ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಸಹಾಯ ಮಾಡುವ ಬೂಸ್ಟರಿನಲ್ಲಿ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಬಲ ಉಳಿದಿರುತ್ತದೆ. ಆಮೇಲೆ ಪೆಡಲು ಕಲ್ಲಿನ ಹಾಗೆ ಗಟ್ಟಿ. ಸ್ಟಿಯರಿಂಗೂ ಭಾರ. ಹುಡುಗ ಬುದ್ಧಿವಂತ. ಮೊದಲನೆಯ ತುಳಿತದಲ್ಲೇ ಗಾಡಿಯನ್ನು ಗುಡ್ಡದ ಕಡೆಗೆ ಒರಗಿಸಿ ನಿಲ್ಲಿಸಿದ. ಹಿಂದೆ ಬಂದ ಲಾರಿಯವರು ತಾಯಿಯನ್ನೂ ಮಗುವನ್ನೂ ಹತ್ತಿಸಿಕೊಂಡು ಹೋದರು. ಇಬ್ಬರೂ ಕ್ಷೇಮ.

ಆಗ ಅವನ ಪೆಟ್ರೋಲ್ ಮುಳ್ಳು ಎಲ್ಲಿತ್ತು ಗೊತ್ತೇ? ಕಾಲು ಟ್ಯಾಂಕಿನಲ್ಲಿ. ಟ್ಯಾಂಕಿನಲ್ಲಿ ಇದ್ದದ್ದು ಏನೂ ಇಲ್ಲ. "ನಾನು ನೋಡಿಕೊಂಡೇ ಹೊರಟೆ ಅಣ್ಣಾ, ನನ್ನ ತಪ್ಪೇ?" ಎಂದು ಅವನು ನನ್ನನ್ನು ಕೇಳಿದ. ಅವನ ಆ ಪ್ರಶ್ನೆಯಿಂದಲೇ ಈ ಭಾಷಣ ಹುಟ್ಟಿತು. ಆ ಕಾರಿನಲ್ಲಿ ಏನು ಕೆಟ್ಟಿತ್ತೆಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಈ ಮುಳ್ಳು ಯಾರ ಮಾತು ಕೇಳಿ ಆಡುತ್ತದೆಂದು ತಿಳಿಯಬೇಕು. ಟ್ಯಾಂಕಿನ ಒಳಗೆ ಒಂದು ಬುರುಡೆ ತೇಲುತ್ತಿರುತ್ತದೆ. ನಾವು ಅದನ್ನು ಫ್ಲೋಟ್ ಎನ್ನುತ್ತೇವೆ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ನಲ್ಲಿಯನ್ನು ಮುಚ್ಚುವ ಬುರುಡೆ ಇರುತ್ತದಲ್ಲ, ಅದೇ ಜಾತಿಯದು. ಬುರುಡೆಗೆ ಒಂದು ಕಂಬಿ. ಕಂಬಿಯ ಇನ್ನೊಂದು ತುದಿಯಲ್ಲಿ ಒಂದು ಚಿಕ್ಕ ಲೋಹದ ನಾಲಿಗೆ. ಆ ನಾಲಿಗೆ ಒಂದು ತಡೆಪಟ್ಟಿಯ ಮೇಲೆ ಉಜ್ಜುತ್ತಾ ಹಿಂದೆ ಮುಂದೆ ಹೋಗುತ್ತದೆ. ವಿದ್ಯುತ್ತು ಈ ಪಟ್ಟಿಯಲ್ಲಿ ಎಷ್ಟು ದೂರ ಹರಿಯಬೇಕೋ ಅಷ್ಟು ತಡೆ. ಇದಿಷ್ಟೂ ಸೇರಿದ ವಸ್ತುವಿಗೆ ಟ್ಯಾಂಕ್ ಯೂನಿಟ್ ಎಂದು ಹೆಸರು. ಅಲ್ಲಿಂದ ಒಂದು ವಯರು ಡ್ಯಾಶ್‌ಬೋರ್ಡಿನ ಮೀಟರಿಗೆ ಹೋಗುತ್ತದೆ. ವಿದ್ಯುತ್ತು ವಾಪಸು ಬರುವ ದಾರಿ ಗಾಡಿಯ ಮೈಯೇ. ನಾವು ಅರ್ತ್ ಎನ್ನುವುದು ಅದನ್ನೇ.

ಅಂದರೆ ಮುಳ್ಳಿಗೆ ಪೆಟ್ರೋಲಿನ ವಿಚಾರ ಏನೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಡೆ ಒಂದೇ. ದಾರಿಯಲ್ಲಿ ಎಲ್ಲೇ ತಡೆ ಹೆಚ್ಚಾದರೂ ಕಡಿಮೆಯಾದರೂ ಅದನ್ನೆಲ್ಲ ಪೆಟ್ರೋಲಿನ ಲೆಕ್ಕಕ್ಕೆ ಬರೆದುಬಿಡುತ್ತದೆ. ತುಕ್ಕಿನ ತಡೆಯನ್ನೂ ಬುರುಡೆಯ ತಡೆಯನ್ನೂ ಬೇರೆ ಬೇರೆ ಎಣಿಸಲು ಅದಕ್ಕೆ ಬರುವುದಿಲ್ಲ.

ಇನ್ನೊಂದು ಗೊಂದಲವಿದೆ. ಎಲ್ಲ ಗಾಡಿಗಳ ಲೆಕ್ಕವೂ ಒಂದೇ ಅಲ್ಲ. ಅಮೆರಿಕದ ಒಂದು ಪದ್ಧತಿಯಲ್ಲಿ ಟ್ಯಾಂಕ್ ಖಾಲಿಯಾದಾಗ ತಡೆ 240 ಓಮ್, ತುಂಬಿದಾಗ 33. ಯೂರೋಪಿನ ಒಂದು ಪದ್ಧತಿಯಲ್ಲಿ ಖಾಲಿಗೆ 10 ಓಮ್, ತುಂಬಿದ್ದಕ್ಕೆ 180. ಖಾಲಿಗೆ ಸೊನ್ನೆ, ಪೂರ್ತಿಗೆ 90 ಎನ್ನುವ ಲೆಕ್ಕವೂ ಉಂಟು. ಹೀಗಾಗಿ ಒಂದೇ ರೋಗ ಎರಡು ಗಾಡಿಗಳಲ್ಲಿ ಎರಡು ಬಗೆಯಾಗಿ ಕಾಣುತ್ತದೆ. ಅರ್ತ್ ತುಕ್ಕು ಹಿಡಿದು 30 ಓಮ್ ಹೆಚ್ಚಿತೆನ್ನಿ. ಮೊದಲನೆಯ ಪದ್ಧತಿಯಲ್ಲಿ ತುಂಬಿದ ಟ್ಯಾಂಕಿನ 33 ಹೋಗಿ 63 ಆಗುತ್ತದೆ, ಮುಳ್ಳು ತುಂಬಿಲ್ಲ ಎನ್ನುತ್ತದೆ. ಎರಡನೆಯದರಲ್ಲಿ ಖಾಲಿ ಟ್ಯಾಂಕಿನ 10 ಹೋಗಿ 40 ಆಗುತ್ತದೆ, ಮುಳ್ಳು ಕಾಲು ಭಾಗದ ಹತ್ತಿರ ಇದೆ ಎನ್ನುತ್ತದೆ. ಮೊದಲನೆಯದು ಹೊಟ್ಟೆ ತುಂಬಿದ್ದರೂ ಹಸಿವೆನ್ನುವ ಸುಳ್ಳು. ಎರಡನೆಯದು ಹಸಿದಿದ್ದರೂ ತುಂಬಿದೆ ಎನ್ನುವ ಸುಳ್ಳು. ಎರಡನೆಯದು ದಾರಿಯಲ್ಲಿ ಕೈಬಿಡುತ್ತದೆ. ಮೊದಲನೆಯದು ಏನು ಮಾಡೀತು, ಬೇಗ ಬಂಕಿಗೆ ಹೋಗುತ್ತೇವೆ ಅಷ್ಟೇ ತಾನೇ ಎಂದು ನೀವು ಹೇಳಬಹುದು. ಅದು ಏನು ಮಾಡಿತೆಂದು ನಾನು ಕಣ್ಣಾರೆ ಕಂಡಿದ್ದೇನೆ.

1984ನೆಯ ಇಸವಿ. ನಾನು ಆಗ ಗ್ಯಾರೇಜೊಂದರಲ್ಲಿ ಸ್ಪಾನರು ಎತ್ತಿಕೊಡುವ ಹುಡುಗ. ಒಂದು ತೋಟದ ಡೀಸೆಲ್ ಜೀಪು ನಮ್ಮಲ್ಲಿಗೆ ಬರುತ್ತಿತ್ತು. ಅದರ ಚಾಲಕರು ವಯಸ್ಸಾದವರು, ನಾಲ್ಕು ಮಕ್ಕಳ ತಂದೆ. ಅವರನ್ನು ನಾವೆಲ್ಲ ದೊಡ್ಡಣ್ಣ ಎಂದು ಕರೆಯುತ್ತಿದ್ದೆವು. ಆ ತೋಟದ ಪದ್ಧತಿ ಹೀಗಿತ್ತು: ಬೆಳಿಗ್ಗೆ ಚೀಟಿ ಕೊಟ್ಟು ಡೀಸೆಲ್ ಹಾಕಿಸುವುದು, ಸಂಜೆ ಗಾಡಿ ಬಂದ ಮೇಲೆ ಗುಮಾಸ್ತರು ಬಂದು ಮುಳ್ಳನ್ನು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮಳೆಗಾಲ ಕಳೆದ ಮೇಲೆ ಲೆಕ್ಕ ಕೂಡದೇ ಹೋಯಿತು. ದಿನ ದಿನವೂ ಸಂಜೆ ಮುಳ್ಳು ಇರಬೇಕಾದ್ದಕ್ಕಿಂತ ಕೆಳಗೆ. ಡೀಸೆಲ್ ಮಾರಿಕೊಳ್ಳುತ್ತಿದ್ದಾನೆ ಎಂದು ಗುಮಾಸ್ತರು ಬರೆದರು. ಮೂರು ತಿಂಗಳು ಸಂಬಳದಲ್ಲಿ ಹಣ ಹಿಡಿದರು.

ದೊಡ್ಡಣ್ಣ ಅವರಿಗೆ ಹೇಳಿದ್ದರಂತೆ, "ಸ್ವಾಮಿ, ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳು ಮತ್ತೆ ಮೇಲೆ ಇರುತ್ತದೆ" ಎಂದು. ಗುಮಾಸ್ತರು ನಕ್ಕು, "ನಿನ್ನ ಡೀಸೆಲ್ ರಾತ್ರಿ ಮರಿ ಹಾಕುತ್ತದೇನು?" ಎಂದರಂತೆ. ಈ ಮಾತನ್ನು ದೊಡ್ಡಣ್ಣ ನಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಹೇಳುವಾಗ ಅವರ ಗಂಟಲು ಕಟ್ಟಿತ್ತು. ಕಳ್ಳ ಎನ್ನಿಸಿಕೊಂಡವನ ಮಗಳಿಗೆ ಆ ವರ್ಷ ಮದುವೆ ಮಾತುಕತೆ ಬೇರೆ ನಡೆಯುತ್ತಿತ್ತು.

ನಮ್ಮ ಮೇಸ್ತ್ರಿಗಳು ಹೆಚ್ಚು ಮಾತಾಡುವವರಲ್ಲ. "ಗುಮಾಸ್ತರು ಮುಳ್ಳು ನೋಡುವುದು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಕತ್ತಲಾದ ಮೇಲೆ ಎಂದರು ದೊಡ್ಡಣ್ಣ. "ಕತ್ತಲಲ್ಲಿ ಮುಳ್ಳು ಕಾಣುವುದು ಹೇಗೆ?" ಲೈಟು ಹಾಕಿದರೆ ಮೀಟರಿನ ದೀಪವೂ ಉರಿಯುತ್ತದಲ್ಲ, ಹಾಗೆ. ಮೇಸ್ತ್ರಿಗಳು ಎದ್ದುಹೋಗಿ ಚಾವಿ ತಿರುಗಿಸಿದರು. ಮುಳ್ಳು ಮುಕ್ಕಾಲಿಗೆ ನಿಂತಿತು. ಲೈಟಿನ ಸ್ವಿಚ್ಚು ಎಳೆದರು. ನಮ್ಮೆಲ್ಲರ ಕಣ್ಣ ಮುಂದೆಯೇ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿಯಿತು. ಆರಿಸಿದರು, ಮೇಲೆ ಬಂತು.

ಆದದ್ದೇನೆಂದರೆ, ಆ ಜೀಪಿನಲ್ಲಿ ಯಾವನೋ ಹಿಂದೆ ರಿಪೇರಿ ಮಾಡುವಾಗ ಟ್ಯಾಂಕ್ ಯೂನಿಟ್ಟಿನ ಅರ್ತನ್ನೂ ಹಿಂದಿನ ದೀಪಗಳ ಅರ್ತನ್ನೂ ಒಂದೇ ಸ್ಕ್ರೂವಿಗೆ ಕಟ್ಟಿದ್ದ. ಆ ಸ್ಕ್ರೂ ಮಳೆಗಾಲದ ಕೆಸರಿಗೆ ತುಕ್ಕು ಹಿಡಿದಿತ್ತು. ದೀಪ ಆರಿದ್ದಾಗ ಟ್ಯಾಂಕಿನ ಚೂರು ವಿದ್ಯುತ್ತು ಹೇಗೋ ನುಸುಳಿಕೊಂಡು ಹೋಗುತ್ತಿತ್ತು. ದೀಪ ಹತ್ತಿದ ಕೂಡಲೇ ಅದರ ದೊಡ್ಡ ಪ್ರವಾಹವೂ ಅದೇ ಇಕ್ಕಟ್ಟಿನ ಬಾಗಿಲಿನಲ್ಲಿ ನುಗ್ಗಬೇಕು. ಆಗ ಟ್ಯಾಂಕಿನ ವಿದ್ಯುತ್ತು ಹಿಂದೆ ಉಳಿಯುತ್ತದೆ, ಮುಳ್ಳು ಇಳಿಯುತ್ತದೆ. ಅದು ತಡೆ ಹೆಚ್ಚಿದರೆ ಮುಳ್ಳು ಇಳಿಯುವ ಜಾತಿಯ ಗಾಡಿ.

ಮೇಸ್ತ್ರಿಗಳು ಸ್ಕ್ರೂವನ್ನು ತಕ್ಷಣ ಉಜ್ಜಲಿಲ್ಲ. ನನಗೆ ಆಗ ಅದು ಆಶ್ಚರ್ಯವೆನಿಸಿತು. "ಈಗಲೇ ಸರಿಮಾಡಿದರೆ ಇವನ ಸಾಕ್ಷಿ ಹೋಗುತ್ತದೆ. ಮೊದಲು ಗುಮಾಸ್ತರನ್ನು ಕರೆದುಕೊಂಡು ಬಾ" ಎಂದರು. ಗುಮಾಸ್ತರು ಮಾರನೆಯ ದಿನ ಮುಖ ಗಂಟಿಕ್ಕಿಕೊಂಡು ಬಂದರು. ಅವರ ಎದುರಿಗೆ ದೀಪ ಹಾಕಿ ಆರಿಸಿ ತೋರಿಸಿ, ಆಮೇಲೆ ಟ್ಯಾಂಕಿನ ಡೀಸೆಲನ್ನು ಕೆಳಗಿನ ತಿರುಪಿನಿಂದ ಇಳಿಸಿ ಐದು ಲೀಟರ್ ಅಳತೆಯ ಡಬ್ಬಿಯಲ್ಲಿ ಎಣಿಸಿಕೊಟ್ಟರು. ಚೀಟಿಯ ಲೆಕ್ಕಕ್ಕೂ ಡಬ್ಬಿಯ ಲೆಕ್ಕಕ್ಕೂ ಅರ್ಧ ಲೀಟರ್ ವ್ಯತ್ಯಾಸವೂ ಬರಲಿಲ್ಲ. ಅದಾದ ಮೇಲೆ ಸ್ಕ್ರೂ ಬಿಚ್ಚಿ, ಎಮರಿ ಪೇಪರಿನಿಂದ ಲೋಹ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಟ್ಯಾಂಕಿಗೆ ಬೇರೆಯದೇ ಅರ್ತ್ ವಯರು ಎಳೆದು, ಮೇಲೆ ಗ್ರೀಸು ಮೆತ್ತಿದರು. ಕೆಲಸಕ್ಕೆ ಅರ್ಧ ಗಂಟೆ ಹಿಡಿಯಲಿಲ್ಲ. ಹಣದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಕೆಲಸದ ವಿಷಯ. ಮುಳ್ಳು ತಪ್ಪು ತೋರಿಸುತ್ತದೆಂದು ಗಾಡಿ ಬಂದರೆ ನಮ್ಮ ಹುಡುಗರು ಮೊದಲು ಮಾಡುವುದು ಹಿಂದಿನ ಸೀಟು ಕೀಳುವುದು. ಸ್ವಲ್ಪ ತಾಳಿ. ಮೊದಲು ಚಾವಿ ತಿರುಗಿಸಿ ಸುಮ್ಮನೆ ಕೂತು ನೋಡಿ. ಮುಳ್ಳು ಥಟ್ಟನೆ ಏಳುತ್ತದೆಯೋ, ಮೆಲ್ಲಗೆ ಅರ್ಧ ನಿಮಿಷ ತೆಗೆದುಕೊಂಡು ಏಳುತ್ತದೆಯೋ? ಥಟ್ಟನೆ ಎದ್ದರೆ ಅದು ಸುರುಳಿಗಳ ಆಯಸ್ಕಾಂತದಿಂದ ಆಡುವ ಹಳೆಯ ಮೀಟರು. ಮೆಲ್ಲಗೆ ಎದ್ದರೆ ಒಳಗೆ ಎರಡು ಲೋಹದ ಪಟ್ಟಿಯಿದೆ. ಅದರ ಸುತ್ತಿನ ತಂತಿ ಕಾದಾಗ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಈ ಎರಡನೆಯ ಜಾತಿಯಲ್ಲಿ ಬ್ಯಾಟರಿಯ ವೋಲ್ಟೇಜು ಏರಿಳಿದರೆ ಮುಳ್ಳೂ ಏರಿಳಿಯುತ್ತದೆಂದು ಹಿಂದೆ ಒಂದು ಪುಟ್ಟ ಸ್ಟೆಬಿಲೈಸರ್ ಇಟ್ಟಿರುತ್ತಾರೆ. ಬ್ರಿಟಿಷ್ ವಂಶದ ಹಳೆಯ ಕಾರುಗಳಲ್ಲಿ ಅದು ಸರಾಸರಿ 10 ವೋಲ್ಟ್ ಕೊಡುತ್ತದೆ. ಸಾಮಾನ್ಯವಾಗಿ ಎಂಜಿನ್ ಬಿಸಿಯ ಮೀಟರಿಗೂ ಅದೇ ಸ್ಟೆಬಿಲೈಸರಿನಿಂದಲೇ ವಿದ್ಯುತ್ತು.

ಇದರಿಂದ ಒಂದು ಸುಲಭದ ದಾರಿ ಸಿಕ್ಕಿತು. ಪೆಟ್ರೋಲ್ ಮುಳ್ಳೊಂದೇ ತಪ್ಪುತ್ತಿದೆಯೋ, ಬಿಸಿಯ ಮುಳ್ಳೂ ಜೊತೆಗೆ ತಪ್ಪುತ್ತಿದೆಯೋ ನೋಡಿ. ಎರಡೂ ಸೇರಿ ಮೇಲೆ ಮೇಲೆ ತೋರಿಸಿದರೆ ಟ್ಯಾಂಕನ್ನು ಮುಟ್ಟಲೇಬೇಡಿ. ಸ್ಟೆಬಿಲೈಸರ್ ಅಂಟಿಕೊಂಡು ಪೂರ್ತಿ 12 ವೋಲ್ಟ್ ಬಿಡುತ್ತಿದೆ, ಇಲ್ಲವೇ ಅದರ ಅರ್ತ್ ಬಿಟ್ಟುಹೋಗಿದೆ. ಎರಡೂ ಸತ್ತು ಮಲಗಿದ್ದರೆ ಫ್ಯೂಸು ನೋಡಿ. ಈ ಸ್ಟೆಬಿಲೈಸರನ್ನು ಇಂದಿನ ಅಂಕಿ ತೋರಿಸುವ ಮಲ್ಟಿಮೀಟರಿನಿಂದ ಅಳೆಯಲು ಹೋದ ಹುಡುಗರು ಹುಚ್ಚು ಹಿಡಿದವರ ಹಾಗೆ ಓಡಿ ಬಂದದ್ದುಂಟು. ಅಂಕಿ ಒಮ್ಮೆ ಸೊನ್ನೆ, ಒಮ್ಮೆ 12. ಅದು ಕೆಟ್ಟಿಲ್ಲ. ಆ ಹಳೆಯ ಸಾಮಾನು ಹತ್ತಿ ಆರಿ, ಹತ್ತಿ ಆರಿಯೇ ಸರಾಸರಿ 10 ಮಾಡುತ್ತದೆ. ಅಲ್ಲಿಗೆ ಟೆಸ್ಟ್ ಲ್ಯಾಂಪ್ ಸಾಕು. ಮಿಣುಕಿದರೆ ಜೀವಂತವಾಗಿದೆ.

ಪೆಟ್ರೋಲ್ ಮುಳ್ಳೊಂದೇ ತಪ್ಪಿದರೆ ಟ್ಯಾಂಕ್ ಯೂನಿಟ್ಟಿನ ವಯರನ್ನು ಕಳಚಿ ಚಾವಿ ಹಾಕಿ ನೋಡಿ. ಮುಳ್ಳು ಒಂದು ತುದಿಗೆ ಹೋಗಬೇಕು. ಅದೇ ವಯರನ್ನು ಗಾಡಿಯ ಮೈಗೆ ಮುಟ್ಟಿಸಿದರೆ ಇನ್ನೊಂದು ತುದಿಗೆ ಹೋಗಬೇಕು. ಯಾವುದು ಖಾಲಿಯ ತುದಿ, ಯಾವುದು ಪೂರ್ತಿಯ ತುದಿ ಎಂಬುದು ನಾನು ಆಗಲೇ ಹೇಳಿದ ಪದ್ಧತಿಯ ಮೇಲೆ ಹೋಗುತ್ತದೆ. ಖಾಲಿಗೆ 240 ಇರುವ ಗಾಡಿಯಲ್ಲಿ ಕಳಚಿದರೆ ಖಾಲಿ, ಮುಟ್ಟಿಸಿದರೆ ಪೂರ್ತಿ. ಖಾಲಿಗೆ ಸೊನ್ನೆ ಇರುವ ಗಾಡಿಯಲ್ಲಿ ತಿರುವುಮುರುವು. ಎರಡು ತುದಿಗೂ ಸರಿಯಾಗಿ ಹೋಗಿ ಬಂದರೆ ಮೀಟರೂ ವಯರೂ ಬಹುಮಟ್ಟಿಗೆ ಸರಿ, ರೋಗ ಟ್ಯಾಂಕಿನ ಕಡೆಯದು. ಹೋಗದಿದ್ದರೆ ವಯರು ಎಲ್ಲೋ ತುಂಡಾಗಿದೆ, ಇಲ್ಲವೇ ಮೀಟರು ಸತ್ತಿದೆ. ಮುಟ್ಟಿಸುವುದೆಂದರೆ ಎರಡು ಮೂರು ಸೆಕೆಂಡು ಮಾತ್ರ. ಬೆಚ್ಚಗಾಗಿ ಬಾಗುವ ಜಾತಿಯ ಮೀಟರಿನಲ್ಲಿ ಹೆಚ್ಚು ಹೊತ್ತು ಹಿಡಿದರೆ ಒಳಗಿನ ತಂತಿ ಸುಟ್ಟುಹೋಗುತ್ತದೆ. ಮಧ್ಯೆ ಒಂದು ಚಿಕ್ಕ ಬಲ್ಬು ಸೇರಿಸಿ ಮುಟ್ಟಿಸುವುದು ಜಾಣತನ. ಮತ್ತೆ, ಕಂಪ್ಯೂಟರಿನಿಂದ ನಡೆಯುವ ಹೊಸ ಕಾರುಗಳಲ್ಲಿ ಈ ಆಟ ಆಡಲೇಬಾರದು. ಅದಕ್ಕೆ ಬೇರೆ ದಾರಿಯಿದೆ.

ಟ್ಯಾಂಕಿನ ಕಡೆ ಎಂದು ಗೊತ್ತಾದರೂ ಮೊದಲು ಅರ್ತ್ ನೋಡಿ. ನನ್ನ ಕೈಗೆ ಬಂದ ಗಾಡಿಗಳಲ್ಲಿ ಬುರುಡೆಗಿಂತ ಅರ್ತೇ ಹೆಚ್ಚು ಸಲ ತಪ್ಪಿತಸ್ಥ. ಟ್ಯಾಂಕಿಗೂ ಮೈಗೂ ನಡುವೆ ರಬ್ಬರ್ ಪಟ್ಟಿ, ಬಣ್ಣ, ಕೆಸರು, ತುಕ್ಕು. ಮಲ್ಟಿಮೀಟರನ್ನು 2 ವೋಲ್ಟಿನ ಮನೆಗೆ ಇಟ್ಟು ಒಂದು ಕಡ್ಡಿಯನ್ನು ಯೂನಿಟ್ಟಿನ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಹಿಡಿಯಿರಿ. ಚಾವಿ ಹಾಕಿರಬೇಕು, ದೀಪಗಳೂ ಉರಿಯುತ್ತಿರಬೇಕು. ವೋಲ್ಟಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ದೀಪ ಹಾಕಿ ಅಳೆಯಿರಿ ಎಂದದ್ದು ಏಕೆಂದು ದೊಡ್ಡಣ್ಣನವರ ಕತೆ ಕೇಳಿದವರಿಗೆ ಹೇಳಬೇಕಾಗಿಲ್ಲ.

ಅರ್ತೂ ಸರಿಯಿದ್ದರೆ ಮಾತ್ರ ಟ್ಯಾಂಕ್ ತೆರೆಯುವ ಮಾತು. ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬಾರದು. ನಮ್ಮ ಗ್ಯಾರೇಜುಗಳಲ್ಲಿ ಹದಿನಾರು ಹದಿನೇಳರ ಹುಡುಗರು ಈ ಕೆಲಸ ಮಾಡುತ್ತಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹಾರಿಹೋಗುವುದಿಲ್ಲ, ನೆಲದ ಮೇಲೆ ಹರಿದು ತಗ್ಗಿಗೆ ಇಳಿಯುತ್ತದೆ. ಗಾಡಿಯ ಅಡಿಯ ಗುಂಡಿಯಲ್ಲಿ ನಿಂತು ಟ್ಯಾಂಕ್ ತೆರೆಯುವವನು ಆ ಆವಿಯ ಬಾವಿಯಲ್ಲೇ ನಿಂತಿರುತ್ತಾನೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿಗೆ ಕಿಡಿ ತಗುಲಿದರೆ ಹತ್ತಿಕೊಳ್ಳುತ್ತದೆಂದ ಮೇಲೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೇಳುವುದೇನು? ಬಯಲಿನಲ್ಲಿ ಮಾಡಿ, ಗುಂಡಿಯಲ್ಲಿ ಬೇಡ. ವಯರು ಮುಟ್ಟಿಸಿ ನೋಡುವ ಪರೀಕ್ಷೆಗಳೆಲ್ಲ ಟ್ಯಾಂಕ್ ಮುಚ್ಚಿರುವಾಗಲೇ ಮುಗಿಯಬೇಕು. ತೆರೆಯುವ ಮುನ್ನ ಬ್ಯಾಟರಿಯ ಮೈನಸ್ ಕಳಚಬೇಕು. ತಂತಿ ಬಲ್ಬಿನ ಕೈದೀಪ ಬೇಡ. ಬೀಡಿ ಹತ್ತಿರವೂ ಸುಳಿಯಬಾರದು. ಯೂನಿಟ್ಟನ್ನು ಹಿಡಿದಿರುವ ಬಳೆಯನ್ನು ಕಬ್ಬಿಣದ ಉಳಿ ಸುತ್ತಿಗೆಯಿಂದ ಹೊಡೆಯದೆ ಹಿತ್ತಾಳೆಯ ಅಥವಾ ಮರದ ತುಂಡಿನಿಂದ ತಟ್ಟಿ ತಿರುಗಿಸಬೇಕು. ಧಣಿಗಳು ಅವಸರ ಮಾಡಿದರೂ ಇದರಲ್ಲಿ ಒಂದನ್ನೂ ಬಿಡಬೇಡಿ. ಸುಟ್ಟ ಕೈಗೆ ಅವರು ಕೊಡುವುದು ಒಂದು ವಾರದ ರಜೆ, ಅದೂ ಸಂಬಳವಿಲ್ಲದ್ದು.

ಯೂನಿಟ್ ಹೊರಗೆ ಬಂದ ಮೇಲೆ ಬುರುಡೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಹಿತ್ತಾಳೆಯ ಬುರುಡೆಯಾಗಿದ್ದು ಒಳಗೆ ಗುಳುಗುಳು ಎಂದರೆ ತೂತು ಬಿದ್ದು ಪೆಟ್ರೋಲ್ ಕುಡಿದಿದೆ. ತೇಲಬೇಕಾದದ್ದು ಮುಳುಗಿ ಕೂತರೆ ಎಷ್ಟು ತುಂಬಿಸಿದರೂ ಮುಳ್ಳು ಏಳದು. ಕೆಲವರು ಬೆಸುಗೆ ಹಾಕಿ ಮುಚ್ಚುತ್ತಾರೆ. ಒಳಗೆ ಒಂದು ಹನಿ ಆವಿ ಉಳಿದಿದ್ದರೂ ಅದು ಕೈಯಲ್ಲಿ ಸಿಡಿಯುವ ಪಟಾಕಿ. ಬುರುಡೆ ಬದಲಾಯಿಸಿ, ಅಲ್ಲಿಗೆ ಮುಗಿಯಿತು.

ತಡೆಪಟ್ಟಿಯನ್ನು ನೋಡಲು ನನಗೆ ಇಂದಿಗೂ ಮುಳ್ಳಿನ ಹಳೆಯ ಮಲ್ಟಿಮೀಟರೇ ಇಷ್ಟ. ಓಮ್ ಮನೆಯಲ್ಲಿಟ್ಟು ಬುರುಡೆಯ ಕಂಬಿಯನ್ನು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಎತ್ತಿ. ಮೀಟರಿನ ಮುಳ್ಳು ನೀರಿನ ಹಾಗೆ ನುಣ್ಣಗೆ ಜಾರಬೇಕು. ನಡುವೆ ಎಲ್ಲಾದರೂ ಎಗರಿದರೆ ಅಲ್ಲಿ ಪಟ್ಟಿ ಸವೆದಿದೆ. ಇಂಥ ಗಾಡಿಯ ಚಾಲಕ, "ಅರ್ಧ ಟ್ಯಾಂಕಿಗೆ ಬಂದಾಗ ಮಾತ್ರ ಮುಳ್ಳು ಬಿದ್ದುಹೋಗುತ್ತದೆ, ಆಮೇಲೆ ಮತ್ತೆ ಎದ್ದು ನಿಲ್ಲುತ್ತದೆ" ಎನ್ನುತ್ತಾನೆ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಚಾಲಕನ ಮಾತನ್ನು ಕೇಳುವ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಉಳಿಯುತ್ತದೆ.

ಇಲ್ಲಿಗೆ ದಿಂಬಂ ಘಾಟಿಯ ಕಾರಿನ ವಿಷಯ ಬಂತು. ಆ ಹುಡುಗನನ್ನು ನಾನು ಕೇಳಿದ ಮೊದಲ ಪ್ರಶ್ನೆ: "ಮುಳ್ಳು ಕಾಲಿಗಿಂತ ಕೆಳಗೆ ಇಳಿದದ್ದನ್ನು ಕೊನೆಯ ಸಲ ಯಾವಾಗ ನೋಡಿದೆ?" ಅವನು ಯೋಚಿಸಿ ಹೇಳಿದ, "ಪೆಟ್ರೋಲ್ ಪಂಪ್ ಬದಲಾಯಿಸಿದ ಮೇಲೆ ನೋಡಿಲ್ಲ ಅಣ್ಣಾ." ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪೂ ಬುರುಡೆಯೂ ಒಂದೇ ಜೋಡಣೆಯಾಗಿ ಟ್ಯಾಂಕಿನ ಒಳಗೆ ಇರುತ್ತವೆ. ಪಂಪ್ ಬದಲಾಯಿಸಿದವನು ಒಳಗಿನ ರಬ್ಬರ್ ಪೈಪನ್ನು ಒಂದಿಷ್ಟು ಉದ್ದ ಬಿಟ್ಟಿದ್ದ. ಬುರುಡೆ ಇಳಿಯುತ್ತಾ ಬಂದು ಕಾಲು ಭಾಗದಲ್ಲಿ ಆ ಪೈಪಿನ ಮೇಲೆ ಕೂತುಬಿಡುತ್ತಿತ್ತು. ಪೆಟ್ರೋಲ್ ಅದರ ಕೆಳಗೆ ಇಳಿದುಹೋಗುತ್ತಿತ್ತು, ಬುರುಡೆ ಅಲ್ಲೇ. ವಿದ್ಯುತ್ತಿನ ತಪ್ಪೇ ಇಲ್ಲ. ಯೂನಿಟ್ಟನ್ನು ಮತ್ತೆ ಕೂರಿಸುವ ಮುನ್ನ ಬುರುಡೆ ತಳದಿಂದ ತುದಿಯ ವರೆಗೆ ಎಲ್ಲೂ ತಾಗದೆ ಆಡುತ್ತದೆಯೇ ಎಂದು ಬೆರಳಿನಿಂದ ಒಂದು ಸಲ ನೋಡಿದ್ದರೆ ಸಾಕಿತ್ತು.

ಅವನ ತಪ್ಪೇ ಎಂದು ಕೇಳಿದ್ದನಲ್ಲ. ಮುಳ್ಳಿನದು ಅವನ ತಪ್ಪಲ್ಲ. ಆದರೆ ಕಿಲೋಮೀಟರ್ ಲೆಕ್ಕ ಇಟ್ಟಿದ್ದರೆ ಮುಳ್ಳಿನ ಸುಳ್ಳು ಅವನಿಗೆ ಮೊದಲೇ ತಿಳಿಯುತ್ತಿತ್ತು ಎಂದು ಅವನಿಗೂ ಹೇಳಿದ್ದೇನೆ.

ಹೊಸ ಕಾರುಗಳ ಬಗ್ಗೆ ಎರಡು ಮಾತು. ಅವುಗಳಲ್ಲಿ ಬುರುಡೆಯ ಸುದ್ದಿ ಮೊದಲು ಕಂಪ್ಯೂಟರಿಗೆ ಹೋಗುತ್ತದೆ. ಅದು ತಿರುವಿನಲ್ಲಿ ಪೆಟ್ರೋಲ್ ಕುಲುಕಿದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ಸರಾಸರಿ ಮಾಡಿ ಮುಳ್ಳಿಗೆ ಹೇಳುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿ ಎರಡು ಲೀಟರ್ ಹಾಕಿದರೆ ಮುಳ್ಳು ಅಲುಗದೇ ಇರಬಹುದು. ಅದು ರೋಗವಲ್ಲ. ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು ಎಂದು ಬರೆಯುತ್ತದಲ್ಲ, ಅದು ಹಿಂದೆ ಓಡಿಸಿದ ದಾರಿಯ ಲೆಕ್ಕದ ಮೇಲಿನ ಅಂದಾಜು. ಹೊಸೂರಿನ ಹೆದ್ದಾರಿಯಲ್ಲಿ ಓಡಿಸಿ ಬಂದು ಘಾಟಿ ಹತ್ತಲು ತೊಡಗಿದರೆ ಆ ಅಂಕಿ ಕಣ್ಣೆದುರಿಗೇ ಕರಗುತ್ತದೆ. ಇಂಥ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ, ಬುರುಡೆಯಿಂದ ಕಂಪ್ಯೂಟರಿಗೆ ಬರುತ್ತಿರುವ ಅಂಕಿ ಯಾವುದು, ಕಂಪ್ಯೂಟರ್ ಮುಳ್ಳಿಗೆ ಹೇಳುತ್ತಿರುವುದು ಏನು ಎಂದು ಎರಡನ್ನೂ ಓದಬೇಕು. ವಯರು ಮುಟ್ಟಿಸಿ ನೋಡಿದರೆ ದುಬಾರಿಯ ಸಾಮಾನು ಹೋದೀತು. ಮತ್ತೆ ಟ್ಯಾಂಕಿನೊಳಗಿನ ಪಂಪ್ ತಂಪಾಗುವುದು ಪೆಟ್ರೋಲಿನಿಂದಲೇ. ಯಾವಾಗಲೂ ರಿಸರ್ವಿನಲ್ಲೇ ಓಡಿಸುವವರು ಮುಳ್ಳು ಸರಿಯಿದ್ದರೂ ಪಂಪನ್ನು ಸುಡುತ್ತಾರೆ. ಡೀಸೆಲ್ ಗಾಡಿ ಖಾಲಿಯಾದರೆ ಪೈಪಿನಲ್ಲಿ ಗಾಳಿ ಸೇರಿ, ಡೀಸೆಲ್ ತಂದು ಸುರಿದರೂ ಕೈಪಂಪು ಒತ್ತಿ ಒತ್ತಿ ಗಾಳಿ ಬಿಡುವ ತನಕ ಏಳುವುದಿಲ್ಲ. ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ದೇಶದ ಪೆಟ್ರೋಲಿಗೆ 2022ರ ಹೊತ್ತಿಗೆ ನೂರಕ್ಕೆ 10 ಪಾಲು ಎಥನಾಲ್ ಸೇರಿತು, 2025ರ ಹೊತ್ತಿಗೆ 20 ಪಾಲು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ಗಾಡಿಗಳ ಟ್ಯಾಂಕ್ ಯೂನಿಟ್ ತೆರೆದಾಗ ತುಕ್ಕನ್ನೂ, ಊದಿದ ರಬ್ಬರ್ ಪ್ಯಾಕಿಂಗನ್ನೂ ನೋಡಿಕೊಳ್ಳಿ. ಪ್ಯಾಕಿಂಗ್ ಹಳೆಯದನ್ನೇ ಮತ್ತೆ ಹಾಕುವ ಚಾಳಿ ಬಿಡಬೇಕು. ಅದು ಸೋರುವುದು ಹಿಂದಿನ ಸೀಟಿನ ಅಡಿಗೇ.

ಮುಳ್ಳು ಪೂರ್ತಿ ಸರಿಯಿದ್ದಾಗಲೂ ಅರ್ಧ ಎಂದರೆ ಅರ್ಧವಲ್ಲ. ಟ್ಯಾಂಕು ಬಿಂದಿಗೆಯಂತೆ, ಮೇಲೆ ಒಂದು ಅಗಲ, ಕೆಳಗೆ ಒಂದು ಅಗಲ. ಕೆಲವು ಗಾಡಿಗಳಲ್ಲಿ ಪೂರ್ತಿಯಿಂದ ಅರ್ಧಕ್ಕೆ ಮೆಲ್ಲಗೆ ಇಳಿದು, ಅರ್ಧದಿಂದ ಖಾಲಿಗೆ ಓಡಿಬಿಡುತ್ತದೆ. ಇಳಿಜಾರಿನಲ್ಲಿ ನಿಂತಾಗ ಪೆಟ್ರೋಲ್ ಒಂದು ಮೂಲೆಗೆ ಸರಿದು ಬುರುಡೆ ಮೋಸಹೋಗುತ್ತದೆ. ಊಟಿ, ಕೂನೂರಿನ ಕಡೆ ಓಡಿಸುವವರು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನೋಡಿದ ಮುಳ್ಳನ್ನು ಮಾತ್ರ ನಂಬಬೇಕು. ಇಂಥದ್ದನ್ನು ಸರಿಮಾಡಿಕೊಡಿ ಎಂದು ಬರುವವರಿಗೆ ಕೆಲವು ಮೆಕ್ಯಾನಿಕ್ಕುಗಳು ಕಂಬಿ ಬಗ್ಗಿಸಿ ಹಣ ತೆಗೆದುಕೊಳ್ಳುತ್ತಾರೆ. ಕಂಬಿ ಬಗ್ಗಿಸುವುದೇ ಆದರೆ ಖಾಲಿಯ ತುದಿಗೆ ಹೊಂದಿಸಿ, ಅದೂ ಐದು ಲೀಟರ್ ಉಳಿದಿರುವಾಗಲೇ ಮುಳ್ಳು ಖಾಲಿ ಎನ್ನುವ ಹಾಗೆ. ಮೇಲಿನ ತುದಿ ತಪ್ಪಿದರೆ ಯಾರೂ ಸಾಯುವುದಿಲ್ಲ.

ಬಾಡಿಗೆ ಗಾಡಿ ಓಡಿಸುವ ತಮ್ಮಂದಿರು ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಟ್ಯಾಂಕನ್ನು ಬಾಯಿ ತನಕ ತುಂಬಿಸಿದ ದಿನ ಕಿಲೋಮೀಟರ್ ಬರೆಯಿರಿ. ಮತ್ತೆ ಬಾಯಿ ತನಕ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿಲೋಮೀಟರ್ ಆಗಿದೆ ಬರೆಯಿರಿ. ಬಂಕಿನ ಬಿಲ್ಲನ್ನು ಅದರಲ್ಲೇ ಅಂಟಿಸಿ. ಟ್ರಾಕ್ಟರ್, ಹಳೆಯ ಜೀಪುಗಳಲ್ಲಿ ಟ್ಯಾಂಕಿನ ಬಾಯಿಂದ ನೇರವಾಗಿ ಕಡ್ಡಿ ಇಳಿಯುತ್ತದೆ. ಸಮನೆಲದಲ್ಲಿ ನಿಲ್ಲಿಸಿ ಖಾಲಿ ಟ್ಯಾಂಕಿಗೆ ಐದೈದು ಲೀಟರ್ ಸುರಿದು ಪ್ರತಿ ಸಲವೂ ಬಿದಿರಿನ ಕಡ್ಡಿ ಇಳಿಸಿ ಗೀಟು ಹಾಕಿಕೊಂಡರೆ ಆ ಕಡ್ಡಿಗೆ ಅರ್ತೂ ಬೇಡ, ಫ್ಯೂಸೂ ಬೇಡ. ಧಣಿಗಳೂ ಗುಮಾಸ್ತರೂ ಇಲ್ಲಿ ಯಾರಾದರೂ ಬಂದಿದ್ದರೆ ಅವರಿಗೂ ಇದೇ ಮಾತು: ಮುಳ್ಳು ಇರುವುದು ಬಂಕಿಗೆ ಹೋಗಬೇಕೋ ಬೇಡವೋ ಎಂದು ಹೇಳಲಿಕ್ಕೆ. ಒಬ್ಬನ ಸಂಬಳ ಹಿಡಿಯುವಷ್ಟು ನಿಖರವಾದ ಅಳತೆ ಅದಲ್ಲ.

ದೊಡ್ಡಣ್ಣನವರ ಹಣದ ವಿಷಯ ಉಳಿಯಿತು. ಎರಡು ತಿಂಗಳಿನದು ವಾಪಸು ಬಂತು. ಮೂರನೆಯ ತಿಂಗಳಿನದು ಲೆಕ್ಕ ಮುಗಿದುಹೋಗಿದೆ ಎಂದು ಕೊಡಲಿಲ್ಲ. ಗುಮಾಸ್ತರು ಒಂದು ಮಾತೂ ಆಡಲಿಲ್ಲ, ಆದರೆ ಮರುದಿನದಿಂದ ಮುಳ್ಳು ನೋಡಲು ಬರುವುದನ್ನು ಬಿಟ್ಟು ಬಿದಿರಿನ ಕಡ್ಡಿಯೊಂದನ್ನು ಕಚೇರಿಯ ಬಾಗಿಲ ಹಿಂದೆ ಇಟ್ಟುಕೊಂಡರು. ಗೀಟು ಹಾಕಿಕೊಟ್ಟವನು ನಾನೇ. ಮಗಳ ಮದುವೆಗೆ ದೊಡ್ಡಣ್ಣ ನಮ್ಮ ಮೇಸ್ತ್ರಿಗಳನ್ನು ಕರೆದಿದ್ದರು. ಅವರು ಅಂದು ಕೆಲಸ ಬಿಟ್ಟು ಬರಲಾಗದೆ ನನ್ನನ್ನು ಕಳಿಸಿದರು. ನಾನು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡು ಬಂದೆ.

ಈಗ ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು. ಹೊರಗೆ ನಿಂತಿರುವ ಆ ಬಿಳಿಯ ಕಾರಿನ ಮುಳ್ಳು ಏಳುವುದಿಲ್ಲವೆಂದು ಒಬ್ಬರು ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದಾರೆ. ಬನ್ನಿ, ದೀಪ ಹಾಕಿ ಅದನ್ನೇ ಮೊದಲು ನೋಡೋಣ.